ತಡವಾಗಿ ನಗುವವರು

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಹಿಂದೆ
ಹನ್ನೆರಡಡಿ ಅಗಲದ ಅಂಗಡಿ ನಮ್ಮದು.
ಫ್ಲೆಕ್ಸ್ ಯಂತ್ರ ಆ ಕಡೆ, ನಾನೂ ಕಂಪ್ಯೂಟರೂ ಈ ಕಡೆ,
ನಡುವೆ ಬಣ್ಣದ ವಾಸನೆ.
ಬೋರ್‌ವೆಲ್ಲಿನವರಿಗೆ ನೀಲಿ, ಚಿಟ್‌ಫಂಡಿನವರಿಗೆ ಹಸಿರು,
ನಾಮಕರಣಕ್ಕೆ ಗುಲಾಬಿ. ಶ್ರದ್ಧಾಂಜಲಿಗೆ ಮಾತ್ರ
ಯಾರೂ ಬಣ್ಣ ಕೇಳುವುದಿಲ್ಲ,
ಫೋಟೋ ಒಂಚೂರು ಬೆಳ್ಳಗೆ ಮಾಡಿ ಅನ್ನುತ್ತಾರೆ.

ಅಜಿತಪ್ರಸಾದರು ಸಾಲಗಾಮೆ ರಸ್ತೆಯಲ್ಲಿ
ಕಿವಿಯಂತ್ರದ ಅಂಗಡಿ ತೆರೆದರು. ಮೊದಲ ವಾರ
ಆಟೋಗೆ ಮೈಕು ಕಟ್ಟಿಸಿ ಊರೆಲ್ಲ ಕೂಗಿಸಿದರು:
ಕಿವಿ ಕೇಳದವರೇ, ಕೇಳಿರಿ ಕೇಳಿರಿ!
ಕೇಳುವವರೆಲ್ಲ ಕೇಳಿದರು.
ಬೇಕಾದವರು ಜಗುಲಿಯ ಮೇಲೆ
ತಮ್ಮ ಪಾಡಿಗೆ ತಾವು ಅವರೆಕಾಯಿ ಸುಲಿಯುತ್ತಿದ್ದರು.

ಕಣ್ಣಿಗೆ ಹೇಳೋಣ ಸಾರ್, ಅಂದೆ.
ಅಂದವಳು ರಾತ್ರಿಯಿಡೀ ಕೂತು ಬರೆದೆ:
ಎಲೆಯ ಮುಂದೆ ಒಬ್ಬ ತಾತ, ಅಂಗೈ ಕಿವಿಯ ಹಿಂದೆ.
ಬಡಿಸುವವಳ ಬಾಯಿಂದ ಹೊರಟ ಗುಳ್ಳೆಯಲ್ಲಿ
"ಮಾವ, ಸಾರಾ?"
ತಾತನ ಗುಳ್ಳೆಯಲ್ಲಿ
"ಅಯ್ಯೋ, ಯಾರಾ? ಯಾವಾಗ ಹೋದ್ರು?"
ಹಳದಿಯ ಮೇಲೆ ಕೆಂಪು, ದಪ್ಪಕ್ಷರ,
ತಾತನಿಗೆ ಮೊರದಗಲ ಕಿವಿ.
ಎನ್.ಆರ್. ವೃತ್ತದಲ್ಲಿ ಬಸ್ಸಿನ ಕಿಟಕಿಗಳೆಲ್ಲ ಹಲ್ಲು ಬಿಟ್ಟವು.
ಕಾಲೇಜು ಹುಡುಗರು ಸಾರಾ ಯಾರಾ ಅಂದುಕೊಂಡೇ
ವಾರವೆಲ್ಲ ಓಡಾಡಿದರು.
ನನಗೆ ಕೋಡು ಮೂಡಿತ್ತು. ಅವರ ಅಂಗಡಿಗೆ
ಒಂದು ನೊಣವೂ ಬರಲಿಲ್ಲ.

ಮೊಮ್ಮಗಳ ನಾಮಕರಣದ ಬ್ಯಾನರಿಗೆಂದು
ಸೀಗೆಯಿಂದ ಕಾಳೇಗೌಡರು ಬಂದಿದ್ದು ಆಗ.
ಗೋಡೆಗೊರಗಿಸಿದ್ದ ತಾತನನ್ನು
ತುಟಿ ಅಲುಗಿಸುತ್ತ ಓದಿದರು. ನಗಲಿಲ್ಲ.
"ಬರೆದೋರ್ಯಾರು?"
ನಾನೇ, ಅಂದೆ. ನನ್ನ ಬಾಯನ್ನೇ ನೋಡುತ್ತಿದ್ದರು.
"ಇಪ್ಪತ್ತೆಂಟು ವರ್ಷ ಹಲ್ಲರ್ ಮಿಲ್ಲಲ್ಲಿ ನಿಂತೋನು ನಾನು.
ಕಿವಿ ಅಲ್ಲೇ ಬಿಟ್ಟು ಬಂದೆ, ಹೊಟ್ಟಿನ ಜೊತೆ.
ನಾವು ಹಿಂಗೆ ಯಾರಾ ಗೀರಾ ಅನ್ನಲ್ಲ ಕಣವ್ವ.
ಅನ್ನೋದು ಮೊದಲ್ನೇ ವರ್ಷ. ಆಮೇಲೆ ಕೇಳೋದೇ ಬಿಡ್ತೀವಿ.
ಎಲ್ರೂ ನಕ್ಕಾಗ ನಗ್ತೀವಿ,
ಒಂಚೂರು ತಡವಾಗಿ.
ಅಷ್ಟರಲ್ಲೇ ಪತ್ತೆ ಹಚ್ಚಬೇಕು ನಮ್ಮನ್ನ."

ಯಂತ್ರ ಸರ್ರನೆ ಒಂದು ಗೆರೆ ಬಣ್ಣ ಎಳೆದು
ಹಿಂದಕ್ಕೆ ಬಂತು.

ಹೊಸ ಚಿತ್ರದಲ್ಲಿ ಮದುವೆಮನೆಯ ಪಂಕ್ತಿ, ಎಂಟು ಜನ.
ಏಳು ಬಾಯಿ ತೆರೆದಿವೆ,
ಏಳು ಜೊತೆ ಕಣ್ಣು ನಗುವಿಗೆ ಮುಚ್ಚಿವೆ.
ಎಂಟನೆಯವರು ಪಕ್ಕದವರ ಮುಖ ನೋಡುತ್ತಿದ್ದಾರೆ,
ತುಟಿ ಆಗಷ್ಟೇ ಹೊರಟಿದೆ.
ಹಳದಿ ತೆಗೆದೆ, ಕೆಂಪು ತೆಗೆದೆ,
ಅರ್ಧಕ್ಕರ್ಧ ಬಿಳಿ ಬಿಟ್ಟೆ. ಕೆಳಗೆ ಸಣ್ಣಕ್ಷರ:
ನಿಮ್ಮ ಮನೆಯಲ್ಲಿ
ತಡವಾಗಿ ನಗುವವರು ಯಾರು?

ಖಾಲಿ ಜಾಗಕ್ಕೂ ಚದರಡಿ ಲೆಕ್ಕವೇನಮ್ಮ,
ಅಜಿತಪ್ರಸಾದರು ಕನ್ನಡಕ ಏರಿಸಿದರು,
ಇದರಲ್ಲಿ ತಮಾಷೆ ಎಲ್ಲಿದೆ?
ಇದೆ ಸಾರ್. ತಡವಾಗಿ ಬರುತ್ತೆ.

ಬಂದವರು ಕಿವುಡರಲ್ಲ, ಅವರ ಪಕ್ಕ ಉಣ್ಣುವವರು.
ಕೂಗಿ ಕೂಗಿ ಗಂಟಲು ಒಡೆದ ಸೊಸೆ,
ಯೂನಿಫಾರ್ಮಿನಲ್ಲೇ ಅಜ್ಜಿಯ ಸೆರಗು ಎಳೆತಂದ ಹುಡುಗಿ,
ಒಬ್ಬ ಲಾರಿ ಡ್ರೈವರು ಬಾಗಿಲಲ್ಲೇ ನಿಂತು
ನನ್ನ ಹೆಂಡತಿಗಿನ್ನೂ ಮೂವತ್ನಾಲ್ಕು ಸಾರ್, ಅಂದನಂತೆ,
ಆಮೇಲೆ ಏನೂ ಹೇಳಲಿಲ್ಲವಂತೆ.

ಕಾಳೇಗೌಡರು ಬೆಲೆ ಕೇಳಿ ನಕ್ಕರು, ಸರಿಯಾದ ಹೊತ್ತಿಗೇ.
ಕೊಳ್ಳಲಿಲ್ಲ.
ಹಳೇ ಫ್ಲೆಕ್ಸು ಕೊಡ್ತೀಯೇನವ್ವ, ಅಂದರು,
ಆಲೂಗಡ್ಡೆ ರಾಶಿಗೆ ಹೊದಿಸೋಕೆ.
ಸುರುಳಿ ಸುತ್ತಿ, ದಾರ ಬಿಗಿದು, ಹೆಗಲಿಗೇರಿಸಿ ಬಸ್ಸು ಹತ್ತಿದರು.

ಸೀಗೆಯಲ್ಲೀಗ ಬಿಳಿ ಮೇಲೆ, ಚಿತ್ರ ಕೆಳಗೆ.
ಮೊರದಗಲ ಕಿವಿಯ ತಾತ
ಕತ್ತಲಲ್ಲಿ ಬೋರಲು ಮಲಗಿ
ಮಣ್ಣು ಮೆತ್ತಿದ ಗೆಡ್ಡೆಗಳನ್ನು ಕೇಳುತ್ತಿದ್ದಾನೆ,
ಯಾರಾ?
ಯಾವಾಗ ಹೋದ್ರು?